ಟೆಸ್ಟೊಸ್ಟೆರಾನ್ ಇಳಿದದ್ದರಿಂದ ಹೊಟ್ಟೆ ಬಂದದ್ದಾ, ಹೊಟ್ಟೆ ಬಂದದ್ದರಿಂದ ಟೆಸ್ಟೊಸ್ಟೆರಾನ್ ಇಳಿದದ್ದಾ?

ಬದಿಯಡ್ಕದವ:

ಎಲ್ಲರಿಗೂ ನಮಸ್ಕಾರ. ಭಾವನ ರಕ್ತಪರೀಕ್ಷೆಯ ರಿಪೋರ್ಟ್ ಕೈಯಲ್ಲಿ ಉಂಟು. ವಿಷಯ ಗೊತ್ತಿದ್ದವರು ಬಿಡಿಸಿ ಹೇಳಬೇಕು.

ಪ್ರಾಯ 41. ಎತ್ತರ 168 ಸೆಂ.ಮೀ., ತೂಕ 84 ಕಿಲೊ, ಹೊಟ್ಟೆಯ ಸುತ್ತಳತೆ 102 ಸೆಂ.ಮೀ. ಕೈಕಾಲು ಸಪೂರ, ಕೊಬ್ಬೆಲ್ಲ ಹೊಟ್ಟೆಯಲ್ಲೇ. ಎದೆಯೂ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ. ಎಚ್‌ಬಿಎ1ಸಿ (ಕಳೆದ ಮೂರು ತಿಂಗಳ ಸಕ್ಕರೆಯ ಅಳತೆ) 6.1. ಟೋಟಲ್ ಟೆಸ್ಟೊಸ್ಟೆರಾನ್ ಡೆಸಿಲೀಟರಿಗೆ 268 ನ್ಯಾನೊಗ್ರಾಂ. ಲ್ಯಾಬಿನವರು ಕೆಳಗಿನ ಮಿತಿ 300 ಎಂದು ಬರೆದು ಪಕ್ಕದಲ್ಲಿ ಕೆಳಮುಖ ಬಾಣ ಹಾಕಿದ್ದಾರೆ. ರಕ್ತ ಕೊಟ್ಟದ್ದು ಮಂಗಳೂರಿನಲ್ಲಿ, ಬೆಳಗ್ಗೆ 11.40ಕ್ಕೆ, ದಾರಿಯಲ್ಲಿ ನೀರುದೋಸೆ, ಚಾ ಎಲ್ಲ ಆದ ಮೇಲೆ.

ಪರಿಚಯದ ಜಿಮ್ಮಿನವರೊಬ್ಬರು, "ವಾರಕ್ಕೊಂದು ಟೆಸ್ಟೊಸ್ಟೆರಾನ್ 250ರ ಇಂಜೆಕ್ಷನ್ ಹಾಕಿ, ಜೊತೆಗೆ ಎಸ್ಟ್ರೊಜೆನ್ ತಡೆಯುವ ಮಾತ್ರೆ ತೆಗೊಳ್ಳಿ, ಮೂರು ತಿಂಗಳಲ್ಲಿ ಹೊಟ್ಟೆ ಕರಗುತ್ತದೆ" ಅಂತ ಹೇಳಿದ್ದಾರಂತೆ. ಒಂದು ಮಗು ಉಂಟು, ಇನ್ನೊಂದು ಬೇಕು ಎಂಬ ಆಲೋಚನೆಯೂ ಉಂಟು.

ಕೇಳಲಿಕ್ಕೆ ಇರುವುದು ಇಷ್ಟು. ಈ 268 ನಿಜವಾಗಿ ಕಡಿಮೆಯಾ? ಟೆಸ್ಟೊಸ್ಟೆರಾನ್ ಕಡಿಮೆಯಾದರೆ ಕೊಬ್ಬು ಬರುವುದು ಹೇಗೆ? ಇಂಜೆಕ್ಷನ್ ಕೊಟ್ಟರೆ ಕರಗುತ್ತದಾ?

---

ಸೀರಮ್:

ಲ್ಯಾಬಿನ ಕಡೆಯಿಂದ ಮೊದಲ ಮಾತು: ಆ 268ರ ಮೇಲೆ ಯಾವ ತೀರ್ಮಾನಕ್ಕೂ ಬರಬೇಡಿ. ರಕ್ತ ತೆಗೆದ ಹೊತ್ತೂ ತಪ್ಪು, ಹೊಟ್ಟೆ ಖಾಲಿ ಇಲ್ಲದ್ದೂ ತಪ್ಪು.

ಟೆಸ್ಟೊಸ್ಟೆರಾನ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಗ್ಗೆ ಏಳೆಂಟು ಗಂಟೆಗೆ ಏರಿ, ಆಮೇಲೆ ಇಳಿಯುತ್ತಾ ಹೋಗುತ್ತದೆ. 30–40ರ ಪ್ರಾಯದವರಲ್ಲಿ ಬೆಳಗ್ಗೆ 8ಕ್ಕೆ ಇದ್ದದ್ದು ಸಂಜೆ 4ಕ್ಕೆ ಶೇ. 20–25ರಷ್ಟು ಕಡಿಮೆ ಇರುತ್ತದೆ. ಇನ್ನು ಸಕ್ಕರೆ. ಖಾಲಿ ಹೊಟ್ಟೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡಿದಾಗ ಟೆಸ್ಟೊಸ್ಟೆರಾನ್ ಸರಾಸರಿ ಶೇ. 25 ಇಳಿದು, ಎರಡು ಗಂಟೆ ಹಾಗೆಯೇ ಇತ್ತು. ನಾಲ್ಕು ನೀರುದೋಸೆಯೂ ಸಕ್ಕರೆ ಹಾಕಿದ ಚಾವೂ ಆದ ಮೇಲೆ ರಕ್ತ ತೆಗೆದರೆ ಒಳ್ಳೆಯ ಆರೋಗ್ಯವಂತನ ರಿಪೋರ್ಟಿನಲ್ಲೂ ಬಾಣ ಬರಬಹುದು. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಬಸ್ಸು ಹತ್ತಿ ಮಂಗಳೂರಿಗೆ ತಲಪುವವರಿಗೆ ಈ ತೊಂದರೆ ಯಾವಾಗಲೂ ಇರುತ್ತದೆ. ಊರಿನ ಲ್ಯಾಬಿನಲ್ಲೇ ಬೆಳಗ್ಗೆ ರಕ್ತ ಕೊಟ್ಟು, ಸೀರಮ್ (ರಕ್ತದ ತಿಳಿ) ಬೇರ್ಪಡಿಸಿ ತಂಪು ಪೆಟ್ಟಿಗೆಯಲ್ಲಿ ಕಳಿಸಲು ಹೇಳಿ. ಒಂದು ದಿನ ಫ್ರಿಜ್ಜಿನ ತಂಪಿನಲ್ಲಿ ಇದ್ದರೆ ಈ ಹಾರ್ಮೋನಿಗೆ ಏನೂ ಆಗುವುದಿಲ್ಲ.

ಮುಂದಿನ ಸಲ ಹೀಗೆ ಮಾಡಿ. ಹಿಂದಿನ ರಾತ್ರಿ ಏಳು ಗಂಟೆ ನಿದ್ರೆ ಆಗಿರಬೇಕು. ರಾತ್ರಿ ಊಟದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಬೆಳಗ್ಗೆ 7ರಿಂದ 10ರ ಒಳಗೆ, ಆದಷ್ಟು 8ರ ಆಸುಪಾಸಿಗೆ ರಕ್ತ ಕೊಡಬೇಕು. ರಾತ್ರಿ ಡ್ಯೂಟಿಯವರಾದರೆ ಗಡಿಯಾರ ನೋಡಬೇಡಿ, ನಿದ್ದೆಯಿಂದ ಎದ್ದ ಎರಡು ಮೂರು ಗಂಟೆಯ ಒಳಗೆ ಕೊಡಿ. ಜ್ವರ ಬಂದು ಹೋದದ್ದಾದರೆ ಒಂದು ತಿಂಗಳು ಕಾಯಿರಿ; ಡೆಂಗಿಯಂಥ ಜ್ವರದಲ್ಲಿ ಟೆಸ್ಟೊಸ್ಟೆರಾನ್ ಕುಸಿಯುವುದು ಸಹಜ, ಅದು ರೋಗವಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೂರು ದಿನ ಮೊದಲೇ ನಿಲ್ಲಿಸಿ. ಕೆಲವು ಯಂತ್ರಗಳ ಅಳತೆಯಲ್ಲಿ ಅದು ಟೆಸ್ಟೊಸ್ಟೆರಾನನ್ನು ಸುಳ್ಳೇ ಹೆಚ್ಚು ತೋರಿಸುತ್ತದೆ.

ಟೋಟಲ್ ಒಂದೇ ಬರೆಸಬೇಡಿ. ಎಸ್‌ಎಚ್‌ಬಿಜಿ ಮತ್ತು ಅಲ್ಬುಮಿನ್ (ಟೆಸ್ಟೊಸ್ಟೆರಾನನ್ನು ರಕ್ತದಲ್ಲಿ ಹೊರುವ ಪ್ರೋಟೀನುಗಳು), ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ (ಮಿದುಳಿನ ಪಿಟ್ಯುಟರಿ ಗ್ರಂಥಿಯಿಂದ ವೃಷಣಕ್ಕೆ ಆಜ್ಞೆ ಒಯ್ಯುವ ಹಾರ್ಮೋನುಗಳು), ಪ್ರೊಲ್ಯಾಕ್ಟಿನ್, ಟಿಎಸ್‌ಎಚ್ (ಥೈರಾಯ್ಡಿನದ್ದು), ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು), ಇಷ್ಟೂ ಒಟ್ಟಿಗೇ ಆಗಲಿ. "ಫ್ರೀ ಟೆಸ್ಟೊಸ್ಟೆರಾನ್" (ಪ್ರೋಟೀನಿಗೆ ಅಂಟದ ಬಿಡಿ ಪಾಲು) ಎಂಬ ನೇರ ಕಿಟ್ ಪರೀಕ್ಷೆಗೆ ದುಡ್ಡು ಹಾಕಬೇಡಿ, ಅದು ನಂಬುವಂಥದ್ದಲ್ಲ. ಟೋಟಲ್, ಎಸ್‌ಎಚ್‌ಬಿಜಿ, ಅಲ್ಬುಮಿನ್ ಮೂರೂ ಇದ್ದರೆ ಫ್ರೀಯನ್ನು ಲೆಕ್ಕ ಹಾಕಿ ತೆಗೆಯಬಹುದು. ಆ ಲೆಕ್ಕವೇ ಹೆಚ್ಚು ಸರಿ.

---

ಪಯಸ್ವಿನಿ:

ಸೀರಮ್ ಹೇಳಿದ್ದು ಅಕ್ಷರಶಃ ಸರಿ. ಕೊಬ್ಬಿನ ಪ್ರಶ್ನೆಗೆ ಬರುತ್ತೇನೆ. ಇದನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಜಿಮ್ಮಿನವರು ಹೇಳಿದ ಮಾತು ಎಲ್ಲಿ ತಪ್ಪುತ್ತದೆ ಎಂದು ತಾನಾಗಿ ಗೊತ್ತಾಗುತ್ತದೆ.

ಎರಡು ಕಡೆಯಿಂದಲೂ ನಡೆಯುವ ವ್ಯವಹಾರ ಇದು.

ಮೊದಲು ಟೆಸ್ಟೊಸ್ಟೆರಾನ್ ಕೊಬ್ಬಿಗೆ ಮಾಡುವುದು. ರಕ್ತನಾಳದ ಒಳಗೋಡೆಯಲ್ಲಿ ಲಿಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಇರುತ್ತದೆ. ರಕ್ತದಲ್ಲಿ ಹರಿಯುವ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಒಡೆದು ಕೊಬ್ಬಿನ ಕೋಶದೊಳಗೆ ಹೋಗುವಂತೆ ಮಾಡುವುದು ಅದರ ಕೆಲಸ. ಹೊಟ್ಟೆಯ ಭಾಗದಲ್ಲಿ ಟೆಸ್ಟೊಸ್ಟೆರಾನ್ ಆ ಕಿಣ್ವವನ್ನು ಹಿಡಿತದಲ್ಲಿ ಇಡುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಪೆರ್ ಬ್ಯೋರ್ನ್‌ಟಾರ್ಪ್ ಅವರ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಎರಡನೆಯದು, ಕೋಶದೊಳಗೆ ಕೂತ ಕೊಬ್ಬನ್ನು ಹೊರಗೆ ಬಿಡಿಸುವ ಅಡ್ರಿನಲಿನ್ ಸಂಕೇತಕ್ಕೆ ಕೋಶ ಚೆನ್ನಾಗಿ ಓಗೊಡುವ ಹಾಗೆ ಮಾಡುತ್ತದೆ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವಂಥದ್ದು: ಇನ್ನೂ ಏನಾಗಬೇಕೆಂದು ನಿರ್ಧಾರವಾಗದ ಮೂಲಕೋಶಗಳು ಇರುತ್ತವಲ್ಲ, ಅವು ಸ್ನಾಯುವಿನ ದಾರಿ ಹಿಡಿಯುವಂತೆಯೂ ಕೊಬ್ಬಿನ ದಾರಿ ಬಿಡುವಂತೆಯೂ ಟೆಸ್ಟೊಸ್ಟೆರಾನ್ ಮಾಡುತ್ತದೆ. ಕೈಕಾಲು ಸಪೂರ, ಹೊಟ್ಟೆ ದಪ್ಪ ಎಂಬ ಆಕಾರಕ್ಕೆ ಇದೂ ಒಂದು ಕಾರಣ ಆಗಬಹುದು.

ಇದು ಪುಸ್ತಕದ ಮಾತು ಮಾತ್ರ ಅಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೆ ಟೆಸ್ಟೊಸ್ಟೆರಾನನ್ನು ಪೂರ್ತಿ ನಿಲ್ಲಿಸುವ ಚಿಕಿತ್ಸೆ ಕೊಡುತ್ತಾರೆ. 48 ವಾರ ಅಳೆದು ನೋಡಿದಾಗ ಆ ರೋಗಿಗಳ ಕೊಬ್ಬು ಸರಾಸರಿ ಶೇ. 9.4 ಹೆಚ್ಚಿತ್ತು, ಕೊಬ್ಬಲ್ಲದ ಮೈತೂಕ ಶೇ. 2.7 ಇಳಿದಿತ್ತು. ಒಟ್ಟು ತೂಕ ಏರಿದ್ದು ಬರೀ ಶೇ. 2.4. ತೂಕದ ಯಂತ್ರ ಅರ್ಧ ಕಥೆಯನ್ನೂ ಹೇಳಲಿಲ್ಲ ಎಂದಾಯಿತು.

ಈಗ ಇನ್ನೊಂದು ಕಡೆ, ಹೊಟ್ಟೆ ಟೆಸ್ಟೊಸ್ಟೆರಾನಿಗೆ ಮಾಡುವುದು. ಹೊಟ್ಟೆಯ ಒಳಕೊಬ್ಬು ಹೆಚ್ಚಾದರೆ ಇನ್ಸುಲಿನ್ ಕೆಲಸ ಮಂದವಾಗಿ, ದೇಹ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಯುತ್ತದೆ. 6.1 ಎಂಬ ಎಚ್‌ಬಿಎ1ಸಿ ಸಕ್ಕರೆಕಾಯಿಲೆಯ ಹೊಸ್ತಿಲು, 5.7ರಿಂದ 6.4ರವರೆಗೆ ಹೊಸ್ತಿಲೇ. ಆ ಹೆಚ್ಚುವರಿ ಇನ್ಸುಲಿನ್ ಇದ್ದಲ್ಲಿ ಲಿವರ್ ಎಸ್‌ಎಚ್‌ಬಿಜಿ ಮಾಡುವುದನ್ನು ಕಡಿಮೆ ಮಾಡುತ್ತದೆ. ಎಸ್‌ಎಚ್‌ಬಿಜಿ ಎಂದರೆ ರಕ್ತದಲ್ಲಿ ಟೆಸ್ಟೊಸ್ಟೆರಾನನ್ನು ಹೊತ್ತು ತಿರುಗುವ ಪ್ರೋಟೀನು. ಹೊರುವವರು ಕಡಿಮೆಯಾದರೆ ಹೊರೆಯೂ ಕಡಿಮೆ ಕಾಣುತ್ತದೆ, ಆದರೆ ಕೋಶಕ್ಕೆ ದಕ್ಕುವ ಬಿಡಿ ಟೆಸ್ಟೊಸ್ಟೆರಾನ್ ಸರಿಯಾಗಿಯೇ ಇರಬಹುದು. ಹೊಟ್ಟೆ ಇರುವವರ ಟೋಟಲ್ ನೋಡಿ ಹೆದರಬಾರದು ಎನ್ನುವುದು ಇದಕ್ಕೆ. ಕೊಬ್ಬು ಇನ್ನೂ ಹೆಚ್ಚಾದಾಗ ಮಾತ್ರ ಕೊಬ್ಬಿನಿಂದ ಹೊರಡುವ ಉರಿಯೂತದ ಸಂಕೇತಗಳೂ ಲೆಪ್ಟಿನ್ ಎಂಬ ಹಾರ್ಮೋನೂ ಮಿದುಳಿನ ಹೈಪೊಥಲಾಮಸ್‌ವರೆಗೆ ಮುಟ್ಟಿ, ಎಲ್‌ಎಚ್ ತಗ್ಗಿ, ವೃಷಣದಲ್ಲಿ ಉತ್ಪತ್ತಿಯೇ ಇಳಿಯುತ್ತದೆ. ಆಗ ಬಿಡಿ ಟೆಸ್ಟೊಸ್ಟೆರಾನೂ ಕಡಿಮೆ.

ಇದು ಹಿಂದಕ್ಕೆ ತಿರುಗುವಂಥದ್ದು ಎಂಬುದೇ ದೊಡ್ಡ ಸಮಾಧಾನ. ತೂಕ ಇಳಿಸಿದವರ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2013ರಲ್ಲಿ ಲೆಕ್ಕ ಹಾಕಿದಾಗ, ಬರೀ ಆಹಾರದಿಂದ ಇಳಿಸಿದವರಲ್ಲಿ ಟೋಟಲ್ ಸರಾಸರಿ ಲೀಟರಿಗೆ 2.9 ನ್ಯಾನೊಮೋಲ್, ಅಂದರೆ ನಿಮ್ಮ ರಿಪೋರ್ಟಿನ ಅಳತೆಯಲ್ಲಿ 80ಕ್ಕೂ ಹೆಚ್ಚು ಏರಿತ್ತು. ತೂಕ ಇಳಿಸುವ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿ ತುಂಬಾ ಇಳಿಸಿದವರಲ್ಲಿ 8.7, ಅಂದರೆ ಸುಮಾರು 250. ಔಷಧಿ ಇಲ್ಲದೆ.

ಎದೆಯ ವಿಷಯ: ಅಂಗಾತ ಮಲಗಿಸಿ, ಹೆಬ್ಬೆರಳೂ ತೋರುಬೆರಳೂ ಎರಡು ಬದಿಯಿಂದ ಮೊಲೆತೊಟ್ಟಿನ ಕಡೆಗೆ ಒತ್ತುತ್ತಾ ತನ್ನಿ. ತೊಟ್ಟಿನ ಕೆಳಗೆ ಬಿಲ್ಲೆಯ ಹಾಗೆ ಗಟ್ಟಿ ಸಿಕ್ಕಿದರೆ ಅದು ಗ್ರಂಥಿ, ವೈದ್ಯರಿಗೆ ತೋರಿಸಬೇಕು. ಬೆರಳುಗಳು ತೊಟ್ಟಿನವರೆಗೆ ತಡೆಯಿಲ್ಲದೆ ಬಂದು ಸೇರಿದರೆ ಬರೀ ಕೊಬ್ಬು.

---

ಬದಿಯಡ್ಕದವ:

ಪಯಸ್ವಿನಿ ಅಣ್ಣಾ, ತುಂಬಾ ಉಪಕಾರ. ಎಸ್ಟ್ರೊಜೆನ್ ತಡೆಯುವ ಮಾತ್ರೆಯ ವಿಷಯ ಮಾತ್ರ ಬಿಟ್ಟುಹೋಯಿತು. ಕೊಬ್ಬಿನಲ್ಲಿ ಟೆಸ್ಟೊಸ್ಟೆರಾನ್ ಎಸ್ಟ್ರೊಜೆನ್ ಆಗಿ ಬದಲುತ್ತದೆ, ಅದರಿಂದಲೇ ಹೊಟ್ಟೆ ಬರುವುದು ಅಂತ ಎಲ್ಲ ಕಡೆ ಓದಿದ್ದೇನೆ. ಅದು ಸರಿಯಾ?

---

ಪಯಸ್ವಿನಿ:

ಮೊದಲರ್ಧ ಸರಿ, ಎರಡನೆಯ ಅರ್ಧ ತಪ್ಪು.

ಕೊಬ್ಬಿನ ಕೋಶದಲ್ಲಿ ಅರೊಮಟೇಸ್ ಎಂಬ ಕಿಣ್ವ ಉಂಟು, ಅದು ಟೆಸ್ಟೊಸ್ಟೆರಾನನ್ನು ಎಸ್ಟ್ರಾಡಿಯಾಲ್ ಎಂಬ ಎಸ್ಟ್ರೊಜೆನ್ ಮಾಡುತ್ತದೆ. ಅಲ್ಲಿಗೆ ನಿಜ. ಆದರೆ ಗಂಡಸರ ಹೊಟ್ಟೆಗೆ ಎಸ್ಟ್ರಾಡಿಯಾಲ್ ಶತ್ರು ಅಲ್ಲ. ಇದನ್ನು ಬಹಳ ಅಚ್ಚುಕಟ್ಟಾಗಿ ತೋರಿಸಿದ್ದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಜೋಯಲ್ ಫಿಂಕಲ್‌ಸ್ಟೈನ್ ತಂಡ, 2013ರಲ್ಲಿ. 20ರಿಂದ 50ರ ಪ್ರಾಯದ ಆರೋಗ್ಯವಂತ ಗಂಡಸರನ್ನು ತೆಗೆದುಕೊಂಡು, ಗೊಸೆರೆಲಿನ್ ಎಂಬ ಔಷಧಿಯಿಂದ ಅವರ ಸ್ವಂತ ಟೆಸ್ಟೊಸ್ಟೆರಾನನ್ನು ನಿಲ್ಲಿಸಿದರು. ಆಮೇಲೆ 16 ವಾರ ದಿನಕ್ಕೆ ಸೊನ್ನೆ, 1.25, 2.5, 5 ಅಥವಾ 10 ಗ್ರಾಂ ಟೆಸ್ಟೊಸ್ಟೆರಾನ್ ಜೆಲ್ ಹಚ್ಚಿಸಿದರು. 198 ಮಂದಿಗೆ ಇಷ್ಟೇ. ಇನ್ನು 202 ಮಂದಿಗೆ ಇದರ ಜೊತೆಗೆ ಅನಾಸ್ಟ್ರೊಜೋಲ್ ಮಾತ್ರೆಯೂ ಕೊಟ್ಟರು. ಜಿಮ್ಮಿನವರು ಹೇಳುವ ಎಸ್ಟ್ರೊಜೆನ್ ತಡೆಯುವ ಮಾತ್ರೆ ಅದೇ.

ಮಾತ್ರೆ ಇಲ್ಲದ ಗುಂಪಿನಲ್ಲಿ ಟೆಸ್ಟೊಸ್ಟೆರಾನ್ 337ರ ಸರಾಸರಿಗೆ ಇಳಿದವರಲ್ಲೇ ಕೊಬ್ಬು ಏರಲು ಶುರುವಾಗಿತ್ತು. ಸ್ನಾಯು ಕರಗಲು ಸರಾಸರಿ 191ಕ್ಕೆ ಇಳಿಯಬೇಕಾಯಿತು. ಕಾಲಿನ ಬಲ ಕುಂದಿದ್ದು 44ರಲ್ಲಿ, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲದಾಗ. ಕ್ರಮ ನೋಡಿ: ಕೊಬ್ಬು ಮೊದಲು, ಸ್ನಾಯು ಆಮೇಲೆ, ಬಲ ಕೊನೆಗೆ. ಮಾತ್ರೆ ಕೊಟ್ಟ ಗುಂಪಿನಲ್ಲೋ, ಎಷ್ಟು ಜೆಲ್ ಹಚ್ಚಿದರೂ, 10 ಗ್ರಾಂ ಹಚ್ಚಿದವರಲ್ಲೂ ಕೊಬ್ಬು ಏರಿತು. ಟೆಸ್ಟೊಸ್ಟೆರಾನ್ ಧಾರಾಳ ಇದ್ದು, ಎಸ್ಟ್ರಾಡಿಯಾಲ್ ಆಗಲಿಕ್ಕೆ ಬಿಡದಿದ್ದರೆ ಹೊಟ್ಟೆ ಬೆಳೆಯಿತು ಎಂದರ್ಥ. ಸ್ನಾಯುವನ್ನು ನೋಡಿಕೊಳ್ಳುವುದು ಟೆಸ್ಟೊಸ್ಟೆರಾನ್ ಸ್ವತಃ. ಕೊಬ್ಬನ್ನು ಕಡಿಮೆ ಇಡುವ ಕೆಲಸದ ದೊಡ್ಡ ಪಾಲು ಅದರಿಂದ ಆಗುವ ಎಸ್ಟ್ರಾಡಿಯಾಲಿನದ್ದು. ಅದೇ ಮಾತ್ರೆ ಎಲುಬನ್ನೂ ಸವೆಸುತ್ತದೆ, ಲೈಂಗಿಕ ಆಸಕ್ತಿಯನ್ನೂ ತಗ್ಗಿಸುತ್ತದೆ. ಹೊಟ್ಟೆ ಕರಗಿಸಲು ಅದನ್ನು ನುಂಗುವುದು ಗುರಿಗೆ ಬೆನ್ನು ಹಾಕಿ ನಡೆದಂತೆ.

---

ಡಂಬೆಲ್ ಉಪ್ಪಳ:

ತರಬೇತಿ ಕೊಡುವವರ ಕಡೆಯಿಂದ ಆ ಇಂಜೆಕ್ಷನ್ ಲೆಕ್ಕ ಬಿಡಿಸುತ್ತೇನೆ ಮಾರಾಯ್ರೆ, ಯಾಕೆಂದರೆ "250" ಎಂಬ ಸಂಖ್ಯೆ ಎಂತ ಅಂತ ಹಾಕುವವರಿಗೇ ಗೊತ್ತಿರುವುದಿಲ್ಲ.

ಆ 1 ಮಿಲಿಲೀಟರ್ ಎಣ್ಣೆಯಲ್ಲಿ ಟೆಸ್ಟೊಸ್ಟೆರಾನಿನ ನಾಲ್ಕು ಬಗೆಯ ಎಸ್ಟರ್ (ಬಾಲ ಅಂಟಿಸಿದ ರೂಪ) ಇರುತ್ತದೆ: ಪ್ರೊಪಿಯೊನೇಟ್ 30, ಫಿನೈಲ್‌ಪ್ರೊಪಿಯೊನೇಟ್ 60, ಐಸೊಕ್ಯಾಪ್ರೊಯೇಟ್ 60, ಡೆಕನೋಯೇಟ್ 100 ಮಿ.ಗ್ರಾಂ. ಎಸ್ಟರಿನ ಬಾಲದ ತೂಕ ಕಳೆದರೆ ಶುದ್ಧ ಟೆಸ್ಟೊಸ್ಟೆರಾನ್ 176 ಮಿ.ಗ್ರಾಂ. ವಾರಕ್ಕೊಂದು ಎಂದರೆ ದಿನಕ್ಕೆ 25. ಆರೋಗ್ಯವಂತ ಗಂಡಸಿನ ದೇಹ ದಿನಕ್ಕೆ ಮಾಡುವುದು 5–7. ನಾಲ್ಕು ಪಟ್ಟು ಆಯಿತಲ್ಲ! ನಿಜವಾಗಿ ಕೊರತೆ ಇರುವವರಿಗೆ ಇದನ್ನೇ ವೈದ್ಯರು ಕೊಡುವುದು ಮೂರು ವಾರಕ್ಕೊಮ್ಮೆ.

ಹೊರಗಿನಿಂದ ಇಷ್ಟು ಬಂದಾಗ ಮಿದುಳು ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ. ವೃಷಣ ಸಣ್ಣದಾಗುತ್ತದೆ, ವೀರ್ಯಾಣು ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಟೆಸ್ಟೊಸ್ಟೆರಾನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿದ್ದುಂಟು: ವಾರಕ್ಕೆ 200 ಮಿ.ಗ್ರಾಂ. ಟೆಸ್ಟೊಸ್ಟೆರಾನ್ ಎನಾಂಥೇಟ್ ಕೊಟ್ಟಾಗ 271 ಮಂದಿಯಲ್ಲಿ 157 ಮಂದಿಯ ವೀರ್ಯಾಣು ಆರು ತಿಂಗಳೊಳಗೆ ಸೊನ್ನೆ. ಇನ್ನೊಂದು ಮಗು ಬೇಕು ಎಂದು ಇರುವವರಿಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇರೆ ಬೇಕಾ? ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ಆರು ತಿಂಗಳಿಂದ ಒಂದು ವರ್ಷದಲ್ಲಿ ವಾಪಸ್ ಬರುತ್ತದೆ, ಕೆಲವರಿಗೆ ಎರಡು ವರ್ಷ ಬೇಕಾಗುತ್ತದೆ. ಆ ಖಾಲಿ ತಿಂಗಳುಗಳಲ್ಲಿ ಸ್ವಂತದ್ದೂ ಇಲ್ಲ, ಹೊರಗಿನದ್ದೂ ಇಲ್ಲ. ಸ್ನಾಯು ಇಳಿದು ಹೊಟ್ಟೆ ಮೊದಲಿಗಿಂತ ಹೆಚ್ಚು ಬರುವುದು ಆಗಲೇ.

ರಕ್ತವೂ ದಪ್ಪವಾಗುತ್ತದೆ. ಆಸ್ಟ್ರೇಲಿಯಾದ ಟಿ4ಡಿಎಂ ಎಂಬ ಪ್ರಯೋಗದಲ್ಲಿ ವೈದ್ಯರ ಕಣ್ಣೆದುರೇ, ಸರಿಯಾದ ಪ್ರಮಾಣದಲ್ಲಿ, ಮೂರು ತಿಂಗಳಿಗೊಮ್ಮೆ 1000 ಮಿ.ಗ್ರಾಂ. ಟೆಸ್ಟೊಸ್ಟೆರಾನ್ ಅಂಡೆಕನೋಯೇಟ್ ಕೊಟ್ಟಾಗಲೂ ಶೇ. 22 ಮಂದಿಯಲ್ಲಿ ಹಿಮಟೋಕ್ರಿಟ್ 54ರ ಗೆರೆ ಮುಟ್ಟಿತ್ತು. ಬರೀ ಎಣ್ಣೆ ಚುಚ್ಚಿಸಿಕೊಂಡವರಲ್ಲಿ ಶೇ. 1. ವೈದ್ಯರು ಅಲ್ಲಿ ನಿಲ್ಲಿಸುತ್ತಾರೆ. ಜಿಮ್ಮಿನ ಹಿಂದಿನ ಕೋಣೆಯಲ್ಲಿ ಚುಚ್ಚುವವರು ಹಿಮಟೋಕ್ರಿಟ್ ನೋಡುವುದೇ ಇಲ್ಲ. ಲೇಬಲ್ ಇಲ್ಲದ ಬಾಟ್ಲಿಯ ಎಣ್ಣೆಯಿಂದ ಕುಂಡೆಯಲ್ಲಿ ಕೀವುಗಟ್ಟುವುದು ಬೇರೆ.

ಅಂಗಡಿಯಲ್ಲಿ ಸಿಗುವ "ಬೂಸ್ಟರ್" ಡಬ್ಬಗಳ ವಿಷಯ ಎರಡೇ ಮಾತು. ಅವುಗಳಲ್ಲಿ ಹೆಚ್ಚಾಗಿ ಇರುವುದು ನೆಗ್ಗಿಲು. ಅದು ಗಂಡಸರ ಟೆಸ್ಟೊಸ್ಟೆರಾನ್ ಏರಿಸುವುದು ಪ್ರಯೋಗಗಳಲ್ಲಿ ಕಾಣಲಿಲ್ಲ. ಸತು ಕಡಿಮೆ ಇದ್ದವರಿಗೆ ಮಾತ್ರ ಸತು ಉಪಯೋಗ.

---

ಬದಿಯಡ್ಕದವ:

ಸೀರಮ್ ಹೇಳಿದ ಹಾಗೆಯೇ ಊರಿನಲ್ಲಿ ಬೆಳಗ್ಗೆ 7.50ಕ್ಕೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿಸಿ ಆಯಿತು. ಟೋಟಲ್ 341. ಎಸ್‌ಎಚ್‌ಬಿಜಿ 17. ಅಲ್ಬುಮಿನ್ 4.3. ಎಲ್‌ಎಚ್ 3.8, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್ ನಾರ್ಮಲ್. ಹಿಮಟೋಕ್ರಿಟ್ 46. ಎದೆಯಲ್ಲಿ ಗಟ್ಟಿ ಬಿಲ್ಲೆ ಇಲ್ಲ. ಗೊರಕೆ ಜೋರು, ರಾತ್ರಿ ನಿದ್ದೆ ಐದು ಗಂಟೆ. ಈಗ ಎಂತ ಮಾಡುವುದು?

---

ಸೀರಮ್:

ಲೆಕ್ಕ ಹಾಕಿದೆ. 341, ಎಸ್‌ಎಚ್‌ಬಿಜಿ 17, ಅಲ್ಬುಮಿನ್ 4.3 ಇದ್ದರೆ ಫ್ರೀ ಟೆಸ್ಟೊಸ್ಟೆರಾನ್ ಮಿಲಿಲೀಟರಿಗೆ ಸುಮಾರು 94 ಪಿಕೊಗ್ರಾಂ. ಕೆಳಗಿನ ಗೆರೆ ಸುಮಾರು 63–65. ಆದ್ದರಿಂದ ಇದು ಸರಿಯಾಗಿಯೇ ಉಂಟು. ಇದೇ 341 ಟೋಟಲ್, ಎಸ್‌ಎಚ್‌ಬಿಜಿ 50 ಇರುವ ಸಪೂರ ಮನುಷ್ಯನಲ್ಲಿ ಕಂಡಿದ್ದರೆ ಫ್ರೀ ಸುಮಾರು 52ಕ್ಕೆ ಬರುತ್ತಿತ್ತು, ಆಗ ಕಡಿಮೆ ಎನ್ನಬೇಕಿತ್ತು. ಒಂದೇ ಸಂಖ್ಯೆ, ಎರಡು ಅರ್ಥ.

---

ಪಯಸ್ವಿನಿ:

ಹಾಗಾದರೆ ಭಾವನಿಗೆ ಇಂಜೆಕ್ಷನ್, ಜೆಲ್ ಯಾವುದೂ ಬೇಡ. ಇದು ಹೊಟ್ಟೆಯಿಂದ ಎಸ್‌ಎಚ್‌ಬಿಜಿ ಇಳಿದ ಚಿತ್ರ. ಹೊಟ್ಟೆ ಇಳಿಸಿದರೆ ಟೋಟಲ್ ತಾನಾಗಿ ಏರಬೇಕು.

ಚಿಕಿತ್ಸೆ ಯಾರಿಗೆ ಎಂಬುದನ್ನೂ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೆ ಬೇಕಾಗಬಹುದು. ಎರಡು ಬೇರೆ ಬೇರೆ ಬೆಳಗ್ಗೆ ಕಡಿಮೆ ಬಂದು, ಜೊತೆಗೆ ಲಕ್ಷಣವೂ ಇರಬೇಕು: ಬೆಳಗ್ಗಿನ ಜಾವದ ನಿಮಿರುವಿಕೆ ನಿಂತುಹೋಗುವುದು, ಆಸಕ್ತಿ ಬತ್ತುವುದು, ಕಾರಣವಿಲ್ಲದೆ ರಕ್ತಹೀನತೆ, ಸಣ್ಣ ಬಿದ್ದದ್ದಕ್ಕೆ ಎಲುಬು ಮುರಿಯುವುದು. ಟೋಟಲ್ 150ಕ್ಕಿಂತ ಕೆಳಗೆ ಇದ್ದು ಎಲ್‌ಎಚ್ ಕೂಡ ತಗ್ಗಿದ್ದರೆ ಪಿಟ್ಯುಟರಿಯ ಎಂಆರ್‌ಐ ಬೇಕು. ಎಲ್‌ಎಚ್ ಏರಿದ್ದರೆ ತೊಂದರೆ ವೃಷಣದಲ್ಲೇ. ಹಾಗಿದ್ದವರು ಎಂಡೋಕ್ರೈನಾಲಜಿಸ್ಟನ್ನು (ಹಾರ್ಮೋನ್ ತಜ್ಞರನ್ನು) ಕಾಣಲೇಬೇಕು. ನಮ್ಮ ಕಡೆಯವರಿಗೆ ಅದಕ್ಕೆ ಮಂಗಳೂರೇ ಹತ್ತಿರ. ವೈದ್ಯರು ಟೆಸ್ಟೊಸ್ಟೆರಾನ್ ಕೊಟ್ಟಾಗಲೂ ಕೊಬ್ಬು ಇಳಿಯುವುದು ನಿಧಾನಕ್ಕೆ: 65 ದಾಟಿದವರಿಗೆ ಮೂರು ವರ್ಷ ಪ್ಯಾಚ್ ಹಚ್ಚಿಸಿದ 1999ರ ಅಧ್ಯಯನದಲ್ಲಿ ಇಳಿದದ್ದು ಸುಮಾರು 3 ಕಿಲೊ ಕೊಬ್ಬು, ಏರಿದ್ದು 1.9 ಕಿಲೊ ಕೊಬ್ಬಲ್ಲದ ಮೈತೂಕ. ಮೂರು ತಿಂಗಳಲ್ಲಿ ಹೊಟ್ಟೆ ಮಾಯ ಎಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ಗೊರಕೆಯನ್ನು ಹಗುರ ಮಾಡಬೇಡಿ. ರಾತ್ರಿ ಉಸಿರು ನಿಂತು ನಿಂತು ಬರುತ್ತದಾ ಎಂದು ಅಕ್ಕನ ಹತ್ತಿರ ಕೇಳಿ. ಕುತ್ತಿಗೆಯ ಸುತ್ತಳತೆ 40 ಸೆಂ.ಮೀ. ದಾಟಿದ್ದರೆ ನಿದ್ರಾ ಪರೀಕ್ಷೆ ಮಾಡಿಸಿ. ಬರೀ ಒಂದು ವಾರ ದಿನಕ್ಕೆ ಐದೇ ಗಂಟೆ ಮಲಗಿಸಿದ ಆರೋಗ್ಯವಂತ ಯುವಕರಲ್ಲೇ ಹಗಲಿನ ಟೆಸ್ಟೊಸ್ಟೆರಾನ್ ಶೇ. 10–15 ಇಳಿದಿತ್ತು.

---

ಒಲೆಕಟ್ಟೆ:

ಊಟದ ಲೆಕ್ಕ ನನ್ನ ಪಾಲಿಗೆ ಇರಲಿ. 84 ಕಿಲೊ, 168 ಸೆಂ.ಮೀ., 41 ಪ್ರಾಯ ಎಂದರೆ ಸಾಧಾರಣ ಓಡಾಟಕ್ಕೆ ದಿನಕ್ಕೆ ಸುಮಾರು 2350 ಕ್ಯಾಲರಿ ಬೇಕು. 1850ಕ್ಕೆ ನಿಲ್ಲಿಸಿ. ಒಂದು ಕಿಲೊ ಕೊಬ್ಬು ಎಂದರೆ 7700 ಕ್ಯಾಲರಿ. ದಿನಕ್ಕೆ 500 ಉಳಿಸಿದರೆ ವಾರಕ್ಕೆ ಅರ್ಧ ಕಿಲೊದ ಹತ್ತಿರ ಹೋಗುತ್ತದೆ. ಇನ್ನೂ ಬೇಗ ಆಗಬೇಕೆಂದು ಬರೀ ಗಂಜಿತಿಳಿ ಕುಡಿದು ಕೂರಬಾರದು. ತೀರಾ ಹಸಿವೆಗೆ ದೇಹ ಟೆಸ್ಟೊಸ್ಟೆರಾನನ್ನೇ ಇಳಿಸುತ್ತದೆ, ಸ್ನಾಯುವೂ ಹೋಗುತ್ತದೆ.

ನಮ್ಮ ಕಡೆಯ ಊಟದಲ್ಲಿ ಎರಡು ಕಡೆ ಕ್ಯಾಲರಿ ಕೂರುತ್ತದೆ. ಒಂದು ಅಕ್ಕಿ: ಬೆಳಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಪುನಃ ಅನ್ನ. ಕುಚ್ಚಿಲಕ್ಕಿಯೂ ಬೆಳ್ತಿಗೆಯೂ ಕ್ಯಾಲರಿಯಲ್ಲಿ ಒಂದೇ, 100 ಗ್ರಾಂ ಅಕ್ಕಿಗೆ ಸುಮಾರು 350. ಕುಡ್ತೆಯ ಲೆಕ್ಕ ಬೇಡ, ಮನೆಮನೆಗೆ ಕುಡ್ತೆ ಬೇರೆ. ಅಡುಗೆಮನೆಯ ತಕ್ಕಡಿಯಲ್ಲಿ ಬೇಯಿಸುವ ಮೊದಲೇ ತೂಗಿ: ಮಧ್ಯಾಹ್ನ 70 ಗ್ರಾಂ, ರಾತ್ರಿ 50, ಬೆಳಗ್ಗೆ ತಿಂಡಿಗೆ 60. ಇನ್ನೊಂದು ತೆಂಗಿನಕಾಯಿ. ಸಾಂಬಾರಿಗೆ ಅರೆದದ್ದು, ಪಲ್ಯಕ್ಕೆ ಉದುರಿಸಿದ್ದು, ಚಟ್ನಿ, ದೋಸೆಯ ಮೇಲಿನ ತೆಂಗಿನೆಣ್ಣೆ. ತುರಿ 100 ಗ್ರಾಮಿಗೆ 350 ಕ್ಯಾಲರಿ, ಎಣ್ಣೆ ಒಂದು ದೊಡ್ಡ ಚಮಚಕ್ಕೆ 120. ಕಾಯಿ ಬಿಡಿ ಎಂದು ಹೇಳುವುದಿಲ್ಲ, ಬಿಟ್ಟರೆ ಅದು ನಮ್ಮ ಅಡಿಗೆಯೇ ಅಲ್ಲ. ಒಬ್ಬರ ಪಾಲಿಗೆ ದಿನಕ್ಕೆ 40 ಗ್ರಾಂ ತುರಿ, ಎರಡು ಸಣ್ಣ ಚಮಚ ಎಣ್ಣೆ ಎಂದು ಇಡಿ. ಮೂರನೆಯದು ಕಣ್ಣಿಗೆ ಬೀಳುವುದೇ ಇಲ್ಲ: ಎರಡು ಚಮಚ ಸಕ್ಕರೆಯ ಐದು ಚಾ ಎಂದರೆ ಸಕ್ಕರೆಯೇ 200 ಕ್ಯಾಲರಿ. ಸಂಜೆ 90 ಮಿ.ಲೀ. ವಿಸ್ಕಿ ಇದ್ದರೆ ಇನ್ನೂ 200ಕ್ಕೂ ಹೆಚ್ಚು.

ಪ್ರೋಟೀನು ದಿನಕ್ಕೆ 95–100 ಗ್ರಾಂ ಆಗಲಿ. ಮೀನು ತಿನ್ನುವವರಿಗೆ ಸುಲಭ. ಮುಳ್ಳು ಬಿಟ್ಟು 150 ಗ್ರಾಂ ಬಂಗುಡೆ ಅಥವಾ ಬೂತಾಯಿಯಲ್ಲಿ ಸುಮಾರು 29, ಎರಡು ಮೊಟ್ಟೆಯಲ್ಲಿ 12, ಒಣ ತೂಕ 50 ಗ್ರಾಂ ಹುರುಳಿಯಲ್ಲಿ 11, ಕಾಲು ಕಿಲೊ ಮೊಸರಿನಲ್ಲಿ 8, ಅಕ್ಕಿಯಿಂದ 13–14, ಜೊತೆಗೆ 40 ಗ್ರಾಂ ಸೋಯಾ ಚಂಕ್ಸ್ ಅಥವಾ ಇನ್ನೊಂದು ಹೊತ್ತು ಮೀನು ಸೇರಿಸಿದರೆ 20. ಹುರಿದ ಮೀನು ಬೇಡ, ಪುಳಿಮುಂಚಿ ಮಾಡಿ. ಸಸ್ಯಾಹಾರಿ ಮನೆಯಾದರೆ ಸೋಯಾ ಚಂಕ್ಸ್ 50 ಗ್ರಾಂ 26, ಪನ್ನೀರು 100 ಗ್ರಾಂ 18, ಹೆಸರುಕಾಳೂ ಹುರುಳಿಯೂ ಸೇರಿ 80 ಗ್ರಾಂ 18, ಮೊಸರು 400 ಗ್ರಾಂ 13, ನೆಲಗಡಲೆ 30 ಗ್ರಾಂ 7, ಉಳಿದದ್ದು ಅಕ್ಕಿಯಿಂದ. ಸೋಯಾ ತಿಂದರೆ ಗಂಡಸರಿಗೆ ಟೆಸ್ಟೊಸ್ಟೆರಾನ್ ಇಳಿಯುತ್ತದೆ ಎಂಬ ಹೆದರಿಕೆ ಬೇಡ. ಪ್ರಯೋಗಗಳಲ್ಲಿ ಹಾಗೆ ಕಾಣಲಿಲ್ಲ.

---

ಡಂಬೆಲ್ ಉಪ್ಪಳ:

ಒಲೆಕಟ್ಟೆ ಅಕ್ಕ ಹೇಳಿದ್ದಕ್ಕೆ ಜೊತೆಗೆ ಭಾರ ಎತ್ತುವುದು ಇರಲೇಬೇಕು, ಇಲ್ಲದಿದ್ದರೆ ಇಳಿಯುವ ತೂಕದಲ್ಲಿ ಸ್ನಾಯುವೂ ಒಂದಷ್ಟು ಹೋಗುತ್ತದೆ. ಜಿಮ್ಮೇ ಬೇಕೆಂದಿಲ್ಲ. 20 ಲೀಟರಿನ ಕ್ಯಾನ್ ತುಂಬ ನೀರು ಎಂದರೆ 20 ಕಿಲೊ. ವಾರಕ್ಕೆ ಮೂರು ದಿನ, ನಾಲ್ಕು ಕೆಲಸ: ಕ್ಯಾನನ್ನು ಎದೆಗೆ ಅವಚಿ ಕುಕ್ಕರಗಾಲಿನಲ್ಲಿ ಕೂತು ಏಳುವುದು, ಬೆನ್ನು ನೇರ ಇಟ್ಟು ಸೊಂಟದಿಂದ ಬಗ್ಗಿ ನೆಲದಿಂದ ಎತ್ತುವುದು, ದಂಡ, ಬಗ್ಗಿ ನಿಂತು ಒಂದು ಕೈಯಲ್ಲಿ ಹೊಟ್ಟೆಯ ಹತ್ತಿರಕ್ಕೆ ಎಳೆಯುವುದು. ಕೈಯಿಂದ ಎಳೆಯಲು 20 ಕಿಲೊ ಹೆಚ್ಚು, 10 ಲೀಟರಿನಿಂದ ಶುರು ಮಾಡಿ. ಒಂದೊಂದೂ 8ರಿಂದ 12 ಸಲ, ಮೂರು ಸುತ್ತು, ನಡುವೆ ಎರಡು ನಿಮಿಷ. ಕೊನೆಯ ಎರಡು ಸಲ ಕಷ್ಟ ಆಗಬೇಕು. 12 ಸಲೀಸಾದರೆ ಎರಡು ಲೀಟರ್ ನೀರು ಹೆಚ್ಚಿಸಿ. ತೋಟದಲ್ಲಿ ಅಡಿಕೆ ಹೊರುತ್ತೇವೆ, ಸಾಕಲ್ಲ ಎನ್ನುವವರು ಇದ್ದಾರೆ. ಆ ಭಾರ ಹೆಚ್ಚುತ್ತಾ ಹೋಗುವುದಿಲ್ಲ, ಅದೂ ಕೊಯ್ಲಿನ ನಾಲ್ಕು ದಿನ ಮಾತ್ರ. ಆಟಿಯಲ್ಲಿ ಮಳೆಗೆ ಒಳಗೆ ಕೂತು ಹಪ್ಪಳ ತಿನ್ನುವ ತಿಂಗಳಲ್ಲೇ ಇದು ಹೆಚ್ಚು ಬೇಕು. ದಿನಾ ಅರ್ಧ ಗಂಟೆ ಬಿರುಸು ನಡಿಗೆಯೂ ಇರಲಿ.

---

ಬದಿಯಡ್ಕದವ:

ಎಲ್ಲ ಬರೆದುಕೊಂಡೆ. ಕೊನೆಯ ಪ್ರಶ್ನೆ: ಸರಿ ಹೋಗುತ್ತಾ ಉಂಟಾ ಎಂದು ಹೇಗೆ ನೋಡುವುದು? ಪುನಃ ರಕ್ತ ಯಾವಾಗ?

---

ಪಯಸ್ವಿನಿ:

ತೂಕಕ್ಕಿಂತ ಟೇಪು ನಂಬಿ. ಆದರೆ ಪ್ಯಾಂಟು ಕಟ್ಟುವ ಜಾಗದಲ್ಲಿ ಹಿಡಿಯಬೇಡಿ, ಹೊಟ್ಟೆ ಜೋತು ಬಿದ್ದವರ ಪ್ಯಾಂಟು ಹೊಟ್ಟೆಯ ಕೆಳಗೆ ಇರುತ್ತದೆ. ಅಂಗಿ ತೆಗೆದು ನಿಲ್ಲಿಸಿ. ಪಕ್ಕೆಯಲ್ಲಿ ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಹುಡುಕಿ, ಪೆನ್ನಿನಲ್ಲಿ ಒಂದು ಚುಕ್ಕೆ. ಅದೇ ಬದಿಯಲ್ಲಿ ಸೊಂಟದ ಎಲುಬಿನ ಮೇಲಂಚು ಹುಡುಕಿ, ಇನ್ನೊಂದು ಚುಕ್ಕೆ. ಎರಡರ ನಟ್ಟನಡುವೆ ಟೇಪು ನೆಲಕ್ಕೆ ಸಮವಾಗಿ ಸುತ್ತಿ ಬರಲಿ, ಬೆನ್ನಿನ ಕಡೆ ಕೆಳಗೆ ಜಾರಿದೆಯಾ ಎಂದು ಹಿಂದಿನಿಂದ ಒಬ್ಬರು ನೋಡಬೇಕು. ಉಸಿರು ಸಹಜವಾಗಿ ಬಿಟ್ಟ ಕ್ಷಣದಲ್ಲಿ ಓದಿ, ಹೊಟ್ಟೆ ಒಳಗೆಳೆಯಲು ಬಿಡಬೇಡಿ. ಎರಡು ಸಲ ಅಳೆದು ಸರಾಸರಿ ಬರೆಯಿರಿ. ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ, ತಿಂಡಿಗೆ ಮೊದಲು. ಭಾರತೀಯ ಗಂಡಸರಿಗೆ 90 ಸೆಂ.ಮೀ. ಗೆರೆ. 102ರಿಂದ ಆರು ತಿಂಗಳಲ್ಲಿ 94–95ಕ್ಕೆ ಬಂದರೆ ಒಳ್ಳೆಯ ವೇಗ.

ತೂಕ ನಿಂತರೂ ಟೇಪು ಇಳಿಯುತ್ತಿದ್ದರೆ ಎಂತದೂ ಬದಲಾಯಿಸಬೇಡಿ. ಟೇಪೂ ತೂಕವೂ ನಾಲ್ಕು ವಾರ ಅಲ್ಲಾಡದಿದ್ದರೆ ಮಾತ್ರ ಅಕ್ಕಿಯನ್ನು ದಿನಕ್ಕೆ 30 ಗ್ರಾಂ ಇಳಿಸಿ. ಎಚ್‌ಬಿಎ1ಸಿ ಮೂರು ತಿಂಗಳಿಗೆ. ಟೆಸ್ಟೊಸ್ಟೆರಾನೂ ಎಸ್‌ಎಚ್‌ಬಿಜಿಯೂ ಆರು ತಿಂಗಳಿಗೆ, ಅದೇ ಲ್ಯಾಬಿನಲ್ಲಿ, ಅದೇ 8 ಗಂಟೆಯ ಆಸುಪಾಸಿಗೆ, ದೋಸೆಗೆ ಮೊದಲು.